ಪಿಟೀಲು ಬಿಡಿಸುವ ಮೊದಲು ಅವಳ ಒಂದು ವಾರವನ್ನು ಬರೆದು ನೋಡಿ

ಪ್ರಶ್ನೆ: ನನ್ನ ಮಗಳು ಹಾಸನದ ಕಾಲೇಜೊಂದರಲ್ಲಿ ಮೊದಲ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ತೆಗೆದುಕೊಂಡಿದ್ದಾಳೆ. ಅಲ್ಲೇ ಸಿಇಟಿ, ನೀಟ್, ಜೆಇಇ ಮೂರು ಪ್ರವೇಶ ಪರೀಕ್ಷೆಗಳಿಗೂ ಕೋಚಿಂಗ್ ಇದೆ. ಭಾನುವಾರ ಟೆಸ್ಟ್. ವಾರಕ್ಕೆ ನಾಲ್ಕು ಸಂಜೆ ಗಣಿತದ ಟ್ಯೂಷನ್ ಬೇರೆ. ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ, ಎಸ್ಸೆಸ್ಸೆಲ್ಸಿಯಲ್ಲಿ 94 ಪರ್ಸೆಂಟ್ ಬಂದಿತ್ತು. ಎಂಟು ವರ್ಷದಿಂದ ಪಿಟೀಲು ಕಲಿಯುತ್ತಿದ್ದಾಳೆ. ಸಂಗೀತದ ಜೂನಿಯರ್ ಪರೀಕ್ಷೆ ಪಾಸಾಗಿದೆ, ಸೀನಿಯರ್ ಕಟ್ಟುವ ಆಸೆ ಇತ್ತು. ಕಾಲೇಜಿನ ಥ್ರೋಬಾಲ್ ತಂಡದಲ್ಲೂ ಇದ್ದಾಳೆ, ವಾರಕ್ಕೆ ನಾಲ್ಕು ದಿನ ಅಭ್ಯಾಸ. ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಭೌತಶಾಸ್ತ್ರದಲ್ಲಿ 70ಕ್ಕೆ 31 ಬಂತು. ಕಾಲೇಜಿನವರು "ಎರಡು ವರ್ಷ ಎಲ್ಲಾ ಬಿಡಿಸಿ" ಎಂದರು. ನಮ್ಮ ಯಜಮಾನರು ಪಿಟೀಲಿನ ಪೆಟ್ಟಿಗೆಯನ್ನು ಬೀರುವಿನ ಮೇಲೆ ಎತ್ತಿಟ್ಟರು. ಮಗಳು ಜಗಳ ಆಡಲಿಲ್ಲ, ಅಳಲೂ ಇಲ್ಲ. ಮಾತು ಮಾತ್ರ ಕಡಿಮೆ ಮಾಡಿದ್ದಾಳೆ. ನಾವು ಮಾಡಿದ್ದು ಸರಿಯೇ? ಎರಡನ್ನೂ ಹೊಂದಿಸಿಕೊಂಡು ಹೋಗಲು ಆಗುತ್ತದೆಯೇ?

ಉತ್ತರ: ಹೋಗಲು ಆಗುತ್ತದೆ. ಆದರೆ ಈಗ ಇರುವ ಹಾಗೆ ಎಲ್ಲವನ್ನೂ ಹೊತ್ತುಕೊಂಡು ಹೋಗಲು ಆಗುವುದಿಲ್ಲ. ಏನಾದರೂ ಇಳಿಸಲೇಬೇಕು. ನನ್ನ ಅನುಭವದಲ್ಲಿ ತಂದೆ ತಾಯಿ ಮೊದಲು ಇಳಿಸುವುದು ಪಿಟೀಲನ್ನೇ, ಯಾಕೆಂದರೆ ಕಣ್ಣಿಗೆ ಕಾಣುವುದು ಅದೇ. ಭಾರ ಇರುವುದು ಬೇರೆ ಕಡೆ.

26 ವರ್ಷ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದವಳು ನಾನು. ಅದಕ್ಕೂ ಮೊದಲು ಒಬ್ಬ ತಾಯಿಯಾಗಿ ಒಂದು ವಿಷಯ ಹೇಳಿಬಿಡುತ್ತೇನೆ. ನನ್ನ ಮಗ ಏಳು ವರ್ಷ ಮೃದಂಗ ಕಲಿತಿದ್ದ. ಎರಡನೇ ಪಿಯುಸಿಗೆ ಬಂದಾಗ ನಾನೇ ಬಿಡಿಸಿದೆ. "ಒಂದೇ ವರ್ಷ ಕಣೋ, ಆಮೇಲೆ ನಿನ್ನಿಷ್ಟ" ಎಂದೆ. ಅವನೂ ಸುಮ್ನೆ ಒಪ್ಪಿಕೊಂಡ. ದಿನಕ್ಕೆ ಮುಕ್ಕಾಲು ಗಂಟೆ ಉಳಿಯಿತು ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ಆ ಮುಕ್ಕಾಲು ಗಂಟೆ ಪುಸ್ತಕಕ್ಕೆ ಹೋಗಲಿಲ್ಲ. ಅದೇ ಹೊತ್ತಿಗೆ ಕುರ್ಚಿಯಲ್ಲಿ ಕೂತು ಪುಟ ತಿರುಗಿಸುತ್ತಿದ್ದ, ಅಷ್ಟೇ. ಅಂಕ ಏರಲೂ ಇಲ್ಲ, ಇಳಿಯಲೂ ಇಲ್ಲ. ಇಂಜಿನಿಯರಿಂಗ್ ಸೇರಿದ, ಕೆಲಸ ಸಿಕ್ಕಿತು, ಎಲ್ಲಾ ಆಯಿತು. ಮೃದಂಗಕ್ಕೆ ಮಾತ್ರ ಮತ್ತೆ ಕೈ ಹಾಕಲಿಲ್ಲ. ಮೂರು ವರ್ಷ ಬಿಟ್ಟು ಅಟ್ಟದಿಂದ ಇಳಿಸಿ ಬಟ್ಟೆ ಬಿಚ್ಚಿದೆ. ಎಡಗಡೆ ಮುಚ್ಚಿಗೆಯ ಮೇಲೆ ನಾದಕ್ಕೆಂದು ಅವನು ಕೊನೆಯ ಸಲ ಹಚ್ಚಿದ ರವೆ ಒಣಗಿ ಬಿರುಕು ಬಿಟ್ಟು ಹಾಗೇ ಅಂಟಿಕೊಂಡಿತ್ತು. ನುಡಿಸಿ ಆದ ಮೇಲೆ ಅದನ್ನು ತೆಗೆದು ಒರೆಸಿ ಇಡುವ ಹುಡುಗ ಅವನು. ಆವತ್ತು ಒರೆಸಿರಲಿಲ್ಲ. ಮಾರನೇ ದಿನ ಮತ್ತೆ ನುಡಿಸುತ್ತೇನೆ ಎಂದುಕೊಂಡಿದ್ದನೋ ಏನೋ. ಅದಕ್ಕೇ ನಿಮ್ಮ ಪತ್ರದಲ್ಲಿ ಬೀರುವಿನ ಮೇಲಿನ ಪೆಟ್ಟಿಗೆಯ ಸಾಲು ಓದಿದಾಗ ನನಗೆ ಮುಂದಕ್ಕೆ ಓದಲು ಸ್ವಲ್ಪ ಹೊತ್ತು ಬೇಕಾಯಿತು.

ಈಗ ನಿಮ್ಮ ಮಗಳ ವಾರವನ್ನು ನೋಡೋಣ. ಒಂದು ಹಾಳೆ ತೆಗೆದುಕೊಂಡು ನೀವೂ ಜೊತೆಗೆ ಬರೆಯಿರಿ. ಬಸ್ಸಿನ ಹೊತ್ತು ನನಗೆ ಗೊತ್ತಿಲ್ಲ, ಇಂಥ ಕಾಲೇಜುಗಳಲ್ಲಿ ನಾನು ನೋಡಿದ ಹೊತ್ತನ್ನೇ ಇಟ್ಟುಕೊಂಡಿದ್ದೇನೆ, ಹೆಚ್ಚು ಕಡಿಮೆ ಇದ್ದರೆ ತಿದ್ದಿಕೊಳ್ಳಿ. ವಾರಕ್ಕೆ 168 ಗಂಟೆ. ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟು ಸಂಜೆ ಐದೂವರೆಗೆ ಬಂದರೆ ದಿನಕ್ಕೆ 10 ಗಂಟೆ, ಆರು ದಿನಕ್ಕೆ 60. ಉಳಿದದ್ದು 108. ನಿದ್ದೆ ದಿನಕ್ಕೆ 8 ಗಂಟೆಯಂತೆ 56. ಉಳಿದದ್ದು 52. ಸ್ನಾನ, ತಿಂಡಿ, ಊಟ, ತಲೆ ಬಾಚುವುದು, ಬಟ್ಟೆ ಎಲ್ಲಾ ಸೇರಿ ದಿನಕ್ಕೆ ಎರಡೂವರೆ ಗಂಟೆ, ಅಂದರೆ ಹದಿನೇಳೂವರೆ. ಭಾನುವಾರದ ಟೆಸ್ಟಿಗೆ ಹೋಗಿ ಬರುವುದು ಸೇರಿ ನಾಲ್ಕೂವರೆ. ಈಗ 30 ಗಂಟೆ ಉಳಿಯಿತು. ಟ್ಯೂಷನ್ನಿಗೆ ನಾಲ್ಕು ದಿನ ಒಂದೂವರೆ ಗಂಟೆಯಂತೆ 6. ಮನೆಯಲ್ಲಿ ಓದು ಆರು ದಿನ ಮೂರು ಮೂರು ಗಂಟೆ ಎಂದರೆ 18. ಉಳಿದದ್ದು ಬರೀ 6 ಗಂಟೆ. ಪಿಟೀಲಿಗೆ ದಿನಾ ಅರ್ಧ ಗಂಟೆ, ಜೊತೆಗೆ ವಾರದ ಒಂದು ಪಾಠ, ಹತ್ತಿರ ಹತ್ತಿರ 5 ಗಂಟೆ. ಥ್ರೋಬಾಲ್ 4 ಗಂಟೆ. ಕೂಡಿದರೆ 9.

ಮೂರು ಗಂಟೆ ಸಾಲುವುದಿಲ್ಲ. ಮೊಬೈಲ್ ನೋಡುವುದು, ಅಜ್ಜಿ ಜೊತೆ ಮಾತಾಡುವುದು, ಸುಮ್ನೆ ಕಿಟಕಿ ಹತ್ತಿರ ನಿಲ್ಲುವುದು ಯಾವುದನ್ನೂ ನಾನು ಈ ಲೆಕ್ಕಕ್ಕೆ ತಂದೇ ಇಲ್ಲ. ಹಾಗಾದರೆ ಇಷ್ಟು ದಿನ ಅವಳು ಇದನ್ನೆಲ್ಲ ಹೇಗೆ ಮಾಡಿದಳು? ನಿದ್ದೆಯಿಂದ ಕಿತ್ತುಕೊಂಡು. ರಾತ್ರಿ ಎಷ್ಟು ಹೊತ್ತಿಗೆ ದೀಪ ಆರುತ್ತದೆ ಎಂದು ನೆನಪು ಮಾಡಿಕೊಳ್ಳಿ. 13ರಿಂದ 18 ವರ್ಷದ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎಂದು ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ ಹೇಳುತ್ತದೆ. ಹಗಲು ಓದಿದ್ದು ತಲೆಯಲ್ಲಿ ಗಟ್ಟಿಯಾಗಿ ಕೂರುವುದು ನಿದ್ದೆಯಲ್ಲೇ. ಮೊದಲ ಪೀರಿಯಡ್ಡಿನಲ್ಲಿ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ಮಕ್ಕಳನ್ನು ನಾನು ವರ್ಷವರ್ಷವೂ ನೋಡಿದ್ದೇನೆ. ಪೆನ್ನು ನಡೆಯುತ್ತಿರುತ್ತದೆ, ಬೋರ್ಡಿನಲ್ಲಿ ಇರುವುದೆಲ್ಲ ನೋಟ್‌ಬುಕ್ಕಿಗೆ ಬಂದಿರುತ್ತದೆ, ಏನು ಬರೆದೆ ಎಂದು ಕೇಳಿದರೆ ಮುಖ ನೋಡುತ್ತಾರೆ.

ಇನ್ನು ಆ 31 ಅಂಕದ ವಿಷಯ. ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯ ಎನಿಸಿದ್ದು ನೀವು ಹೋಗ್ತಾ ಹೋಗ್ತಾ ಹೇಳಿದ ಒಂದು ಮಾತು: ಹತ್ತರವರೆಗೆ ಕನ್ನಡ ಮಾಧ್ಯಮ. ಕಾಲೇಜಿನವರು ಪಿಟೀಲು ನೋಡಿದರು, ಥ್ರೋಬಾಲ್ ನೋಡಿದರು. ಇದನ್ನು ಯಾರೂ ಕೇಳಲೇ ಇಲ್ಲ ಅಲ್ವಾ? ಜವ, ವೇಗ, ಸ್ಥಾನಪಲ್ಲಟ, ವೇಗೋತ್ಕರ್ಷ, ಸಂವೇಗ ಎಂದು ಕಲಿತು ಬಂದ ಹುಡುಗಿಗೆ ಜೂನ್ ತಿಂಗಳಲ್ಲಿ ಒಂದೇ ಸಲ ಸ್ಪೀಡ್, ವೆಲಾಸಿಟಿ, ಡಿಸ್‌ಪ್ಲೇಸ್‌ಮೆಂಟ್, ಆಕ್ಸಿಲರೇಷನ್, ಮೊಮೆಂಟಮ್ ಎದುರಾಗುತ್ತವೆ. ವಿಷಯ ಗೊತ್ತಿರುತ್ತದೆ, ಹೆಸರು ಗೊತ್ತಿರುವುದಿಲ್ಲ. ಒಮ್ಮೆ ಒಬ್ಬ ಹುಡುಗ ಕ್ಲಾಸ್ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು ಕೇಳಿದ: "ಮೇಡಂ, ಕಾರು ರೆಸ್ಟ್ ತಗೊಂಡು ಹೊರಟಿತು ಅಂದ್ರೆ ಎಷ್ಟು ಹೊತ್ತು ರೆಸ್ಟ್ ತಗೊಂಡಿತ್ತು ಅಂತ ಕೊಟ್ಟೇ ಇಲ್ಲವಲ್ಲ?" ಲೆಕ್ಕದಲ್ಲಿ ಇದ್ದದ್ದು 'ಸ್ಟಾರ್ಟ್ಸ್ ಫ್ರಮ್ ರೆಸ್ಟ್'. ಅಂದರೆ ನಿಂತಲ್ಲಿಂದ ಹೊರಟಿತು, ಮೊದಲ ವೇಗ ಸೊನ್ನೆ. ಆ ಒಂದು ಪದಕ್ಕೆ ಸಿಕ್ಕಿಕೊಂಡು ಅವನು ಮೂರು ಲೆಕ್ಕ ಬಿಟ್ಟಿದ್ದ. ಮೂರನ್ನೂ ನಾನು ಕನ್ನಡದಲ್ಲಿ ಓದಿ ಹೇಳಿದೆ. ನಿಂತಲ್ಲೇ, ಬಾಗಿಲಿಗೆ ಪುಸ್ತಕ ಒರಗಿಸಿಕೊಂಡು ಮಾಡಿ ತೋರಿಸಿದ.

ಹಾಗಾಗಿ ಮೊದಲು ಮಾಡಬೇಕಾದ ಕೆಲಸ ಇದು. ಮಧ್ಯವಾರ್ಷಿಕದ ಉತ್ತರಪತ್ರಿಕೆಯನ್ನು ತರಿಸಿಕೊಳ್ಳಿ. ಬೈಯುವುದಕ್ಕಲ್ಲ. ಅವಳೇ ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಲಿ. ಪ್ರಶ್ನೆ ಅರ್ಥವಾಗಲಿಲ್ಲ, ಅರ್ಥವಾಯಿತು ಆದರೆ ಬರಲಿಲ್ಲ, ಬರುತ್ತಿತ್ತು ಆದರೆ ಹೊತ್ತು ಸಾಲಲಿಲ್ಲ, ಈ ಮೂರರಲ್ಲಿ ಯಾವುದು ಎಂದು. ಮೊದಲ ಗುರುತು ಜಾಸ್ತಿ ಇದ್ದರೆ ತೊಂದರೆ ಭಾಷೆಯದು. ಅದಕ್ಕೆ ಒಂದು ಉದ್ದ ನೋಟ್‌ಬುಕ್ ಸಾಕು. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಹತ್ತನೇ ತರಗತಿಯಲ್ಲಿ ಕಲಿತ ಕನ್ನಡ ಪದ, ಕೆಳಗೆ ಆ ಪದ ಬಂದ ಒಂದು ಲೆಕ್ಕ. ದಿನಕ್ಕೆ ಐದು ಪದ ಬರೆದರೆ ಎರಡು ತಿಂಗಳಲ್ಲಿ ಮುನ್ನೂರು ಪದ ಆಗುತ್ತದೆ, ಮೊದಲ ಪಿಯುಸಿ ಭೌತಶಾಸ್ತ್ರದಲ್ಲಿ ಅವಳನ್ನು ತಡೆದು ನಿಲ್ಲಿಸುವ ಪದಗಳು ಅದಕ್ಕಿಂತ ಜಾಸ್ತಿ ಇರುವುದಿಲ್ಲ. ನೀಟ್ ಮತ್ತು ಜೆಇಇ ಮೇನ್ ಎರಡನ್ನೂ ಕನ್ನಡದಲ್ಲೂ ಬರೆಯಬಹುದು ಎನ್ನುವುದೂ ಅವಳಿಗೆ ಗೊತ್ತಿರಲಿ. ಇಂಗ್ಲಿಷಿನಲ್ಲೇ ಬರೆಯುತ್ತೇನೆ ಎಂದರೂ ಸರಿ, ಆ ಬಾಗಿಲು ಇದೆ ಎಂದು ತಿಳಿದರೆ ಎದೆಯ ಮೇಲಿನ ಭಾರ ಸ್ವಲ್ಪ ಇಳಿಯುತ್ತದೆ.

ಎರಡನೆಯದು ಆ ಮೂರು ಪರೀಕ್ಷೆ. ಸಿಇಟಿ, ನೀಟ್, ಜೆಇಇ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ, ಒಂದೇ ಓದು ಎನ್ನುವ ಹಾಗೆ. ಹಾಗಲ್ಲ. ಸಿಇಟಿಯಲ್ಲಿ ಒಂದು ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ. ಪ್ರಶ್ನೆಗೆ 80 ಸೆಕೆಂಡು. ತಪ್ಪಾದರೆ ಅಂಕ ಕಳೆಯುವುದಿಲ್ಲ. ನೀಟ್‌ನಲ್ಲಿ 180 ನಿಮಿಷಕ್ಕೆ 180 ಪ್ರಶ್ನೆ, ಅದರಲ್ಲಿ ಅರ್ಧ ಜೀವಶಾಸ್ತ್ರ. ತಪ್ಪಿಗೆ ಒಂದು ಅಂಕ ಹೋಗುತ್ತದೆ. ಜೆಇಇ ಮೇನ್‌ನಲ್ಲಿ ಅಷ್ಟೇ ಹೊತ್ತಿಗೆ 75 ಪ್ರಶ್ನೆ, ಆದರೆ ಒಂದೊಂದಕ್ಕೂ ಎರಡು ಮೂರು ಅಧ್ಯಾಯದ ಗಂಟು ಬಿಚ್ಚಬೇಕು. ಎಸೆದ ಚೆಂಡು ಎಷ್ಟು ದೂರ ಹೋಗಿ ಬೀಳುತ್ತದೆ ಎನ್ನುವ ಒಂದೇ ಪಾಠವನ್ನು ತೆಗೆದುಕೊಳ್ಳಿ. ಪಿಯು ಬೋರ್ಡಿಗೆ ಅದನ್ನು ಹಂತಹಂತವಾಗಿ ಬರೆದು ಸೂತ್ರ ಸಾಧಿಸಬೇಕು. ಸಿಇಟಿಗೆ ಸೂತ್ರ ನಾಲಿಗೆ ತುದಿಯಲ್ಲಿ ಇರಬೇಕು, ನಾಲ್ಕು ಆಯ್ಕೆಯಲ್ಲಿ ಎರಡನ್ನು ನೋಡಿದ ಕೂಡಲೇ ಹೊಡೆದುಹಾಕಬೇಕು. ಜೆಇಇಯಲ್ಲಿ ಅದೇ ಚೆಂಡನ್ನು ಇಳಿಜಾರಿನ ಮೇಲೆ ನಿಲ್ಲಿಸಿ ಎಸೆಯುತ್ತಾರೆ, ಸೂತ್ರವನ್ನು ಅಲ್ಲೇ ಹೊಸದಾಗಿ ಕಟ್ಟಿಕೊಳ್ಳಬೇಕು. 16 ವರ್ಷದ ಹುಡುಗಿ ದಿನವೂ ಈ ಮೂರು ಚಾಳಿಗೆ ತಲೆಯನ್ನು ಬದಲಾಯಿಸುತ್ತಾ ಹೋದರೆ ಸುಸ್ತಾಗದೆ ಇನ್ನೇನು?

ಅವಳಿಗೆ ಏನಾಗಬೇಕೆಂದಿದೆ ಎಂದು ಕೇಳಿದ್ದೀರಾ? ಪತ್ರದಲ್ಲಿ ಅದು ಎಲ್ಲೂ ಇಲ್ಲ. ಡಾಕ್ಟರ್ ಆಗಬೇಕೆಂದಿದ್ದರೆ ದಾರಿ ನೀಟ್ ಒಂದೇ, ಜೆಇಇ ಟೆಸ್ಟುಗಳನ್ನು ಇವತ್ತೇ ಬಿಡಬಹುದು. ಕರ್ನಾಟಕದಲ್ಲೇ ಇಂಜಿನಿಯರಿಂಗ್ ಸಾಕು ಎಂದಿದ್ದರೆ ಸಿಇಟಿ ರ‍್ಯಾಂಕಿಗೆ ಅರ್ಧ ತೂಕ ಸಿಇಟಿಯದು, ಇನ್ನರ್ಧ ಎರಡನೇ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳದ್ದು. ಹಾಗಿರುವಾಗ ಬೋರ್ಡ್ ಪಾಠವನ್ನು ಚೆನ್ನಾಗಿ ಓದುವುದೇ ಕೋಚಿಂಗ್. ಕೃಷಿ ಬಿಎಸ್ಸಿ, ಫಾರ್ಮಸಿ ಎಂದಿದ್ದರೂ ಸಿಇಟಿ. ಇನ್ನೂ ಗೊತ್ತಿಲ್ಲ ಎಂದರೆ ಪರವಾಗಿಲ್ಲ, ಪಿಸಿಎಂಬಿ ಹಾಗೇ ಇರಲಿ, ಆದರೆ ಮೊದಲ ಪಿಯುಸಿ ವಾರ್ಷಿಕ ಪರೀಕ್ಷೆಯಷ್ಟು ಹೊತ್ತಿಗೆ ಮೂರರಲ್ಲಿ ಒಂದನ್ನು ಬಿಡಲಿ. ಮೂರನ್ನೂ ಇಟ್ಟುಕೊಂಡು ಎರಡನೇ ವರ್ಷಕ್ಕೆ ಹೋಗಬೇಡಿ.

ಸಂಜೆಯ ಗಣಿತದ ಟ್ಯೂಷನ್ ನನಗೆ ಒಪ್ಪಿಗೆಯಿಲ್ಲ. ಬೆಳಿಗ್ಗೆ ಕಾಲೇಜಿನಲ್ಲಿ ಗಣಿತ, ಮಧ್ಯಾಹ್ನ ಕೋಚಿಂಗಿನಲ್ಲಿ ಅದೇ ಗಣಿತ, ಸಂಜೆ ಮೂರನೆಯವರಿಂದ ಮತ್ತೆ ಅದೇ ಗಣಿತ. ಅವಳು ಕೇಳಿಸಿಕೊಂಡಿದ್ದು ಸಾಕಷ್ಟಾಗಿದೆ. ಕೈಯಾರೆ ಮಾಡಲು ಹೊತ್ತು ಸಿಕ್ಕಿಲ್ಲ. ಗಣಿತದಲ್ಲಿ ಎಷ್ಟು ಬಂತು ಎಂದು ನೀವು ಬರೆದಿಲ್ಲ. ತೀರಾ ಕಡಿಮೆ ಬಂದಿದ್ದರೆ ಮಾತು ಬೇರೆ, ಆಗ ಕೋಚಿಂಗಿನ ಗಣಿತ ಬಿಟ್ಟು ಟ್ಯೂಷನ್ ಇಟ್ಟುಕೊಳ್ಳಿ. ಎರಡರಲ್ಲಿ ಒಂದು. ಪರವಾಗಿಲ್ಲ ಎನ್ನುವಷ್ಟು ಬಂದಿದ್ದರೆ ಈ ತಿಂಗಳೇ ಬಿಡಿಸಿ. ವಾರಕ್ಕೆ ಆರು ಗಂಟೆ ವಾಪಸ್ ಬರುತ್ತದೆ.

ಥ್ರೋಬಾಲ್ ವಿಷಯದಲ್ಲಿ ಮನಸ್ಸು ಗಟ್ಟಿ ಮಾಡಬೇಕು. ತಂಡ ಎಂದ ಮೇಲೆ ನಮ್ಮ ಹೊತ್ತಿಗೆ ಅದು ಬರುವುದಿಲ್ಲ, ಅದರ ಹೊತ್ತಿಗೆ ನಾವು ಹೋಗಬೇಕು. ಪಿಯು ಇಲಾಖೆಯ ಕ್ರೀಡಾಕೂಟಗಳು ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಹಂತಹಂತವಾಗಿ ನಡೆಯುತ್ತವೆ, ಗೆದ್ದಷ್ಟೂ ಕ್ಲಾಸ್ ತಪ್ಪುತ್ತದೆ. ಎರಡು ಹವ್ಯಾಸದಲ್ಲಿ ಒಂದನ್ನು ಇಳಿಸಬೇಕಾದರೆ ನಾನು ತಂಡವನ್ನು ಇಳಿಸುತ್ತೇನೆ, ಆಟವನ್ನಲ್ಲ. ಊಟದ ಬಿಡುವಿನಲ್ಲಿ ಕಾಲು ಗಂಟೆ, ಭಾನುವಾರ ಸಂಜೆ ಬೀದಿಯ ಮಕ್ಕಳ ಜೊತೆ ಸ್ವಲ್ಪ ಹೊತ್ತು ಚೆಂಡು ಹಿಡಿಯಲಿ. ಮೈ ಬೆವರಬೇಕು. ಆದರೆ ಇದು ನನ್ನ ಊಹೆ. ಅವಳಿಗೆ ಪಿಟೀಲಿಗಿಂತ ಥ್ರೋಬಾಲೇ ಜೀವ ಎಂದಿದ್ದರೆ ಲೆಕ್ಕ ತಿರುಗಿಸಿ. ಕೇಳಿಯೇ ತೀರ್ಮಾನ ಮಾಡಿ.

ಪಿಟೀಲು ಉಳಿಯಲಿ ಎನ್ನುವುದಕ್ಕೆ ನನ್ನ ಕಾರಣ ಹೇಳುತ್ತೇನೆ. ತಂತಿ ಒತ್ತಿ ಒತ್ತಿ ಎಡಗೈ ಬೆರಳ ತುದಿ ಗಟ್ಟಿಯಾಗಿರುತ್ತದೆ. ಅವಳ ಕೈ ಹಿಡಿದು ಮುಟ್ಟಿ ನೋಡಿ, ಗೊತ್ತಾಗುತ್ತದೆ. ಕೆಲವು ತಿಂಗಳು ಬಿಟ್ಟರೆ ಅದು ಮೆತ್ತಗಾಗುತ್ತದೆ, ಮತ್ತೆ ಹಿಡಿದಾಗ ನೋಯುತ್ತದೆ. ನೋವು ವಾರದಲ್ಲಿ ಹೋಗುತ್ತದೆ. ಶ್ರುತಿ ಹಾಗಲ್ಲ. ಪಿಟೀಲಿಗೆ ವೀಣೆಯ ಹಾಗೆ ಮೆಟ್ಟಿಲಿಲ್ಲ. ಸ್ವರ ಎಲ್ಲಿದೆ ಎಂದು ಬೆರಳಿಗೆ ಗೊತ್ತಿರಬೇಕು, ತಪ್ಪಿದರೆ ಕಿವಿ ಹೇಳಬೇಕು. ದಿನಾ ಕೇಳುತ್ತಿದ್ದ ಕಿವಿಗೆ ಎರಡು ವರ್ಷ ಬಿಟ್ಟು ತಾನೇ ನುಡಿಸಿದ್ದು ಅಪಸ್ವರ ಎಂದು ಕೇಳಿಸುತ್ತದೆ, ಬೆರಳಿಗೆ ತಿದ್ದಲು ಬರುವುದಿಲ್ಲ. ಎಷ್ಟೋ ಮಕ್ಕಳು ಮತ್ತೆ ಹಿಡಿದು ನಾಲ್ಕು ದಿನಕ್ಕೆ ಕೆಳಗಿಡುವುದು ಇದೇ ಜಾಗದಲ್ಲಿ. ಮನಸ್ಸಿಲ್ಲದೆ ಅಲ್ಲ, ಮೊದಲಿನ ತನ್ನ ನಾದದ ನೆನಪಿರುವುದರಿಂದ. ದಿನಕ್ಕೆ 20 ನಿಮಿಷ ಇದ್ದರೂ ಈ ಕೊಂಡಿ ತಪ್ಪುವುದಿಲ್ಲ.

ಗುರುಗಳ ಹತ್ತಿರ ನೀವೇ ಹೋಗಿ ಮಾತಾಡಿ, ಮಗಳನ್ನೂ ಕರೆದುಕೊಂಡು ಹೋಗಿ. ಪಿಯುಸಿ ಮುಗಿಯುವ ತನಕ ಕಛೇರಿ, ಸ್ಪರ್ಧೆ, ಹೊಸ ಕೃತಿ ಬೇಡ ಎಂದು ಹೇಳಿ. ಸೀನಿಯರ್ ಪರೀಕ್ಷೆಯನ್ನು ಎರಡನೇ ಪಿಯುಸಿ ಆದ ಮೇಲೆ ಕಟ್ಟಲಿ, ಅದಕ್ಕೆ ವಯಸ್ಸು ಮೀರಿ ಹೋಗುವುದಿಲ್ಲ. ಈಗ ಬೇಕಿರುವುದು ಶ್ರುತಿ ಮಾಡಿಕೊಂಡು ಒಂದು ಅಲಂಕಾರ ಮೂರು ಕಾಲದಲ್ಲಿ (ಅಂದರೆ ಮೂರು ವೇಗದಲ್ಲಿ), ಕಲಿತಿರುವ ಒಂದು ವರ್ಣ ಎರಡು ಕಾಲದಲ್ಲಿ. ಅಷ್ಟಕ್ಕೆ 20 ನಿಮಿಷ ಸರಿಯಾಗುತ್ತದೆ. ಪಾಠ ವಾರಕ್ಕೊಂದು, ಭಾನುವಾರ ಟೆಸ್ಟ್ ಮುಗಿದ ಮೇಲೆ ಸಂಜೆ. ಮಕ್ಕಳಿಗೆ ಇಷ್ಟು ವರ್ಷ ಕಲಿಸಿದ ಗುರುಗಳು ಇದಕ್ಕೆ ಬೇಡ ಎನ್ನುವುದಿಲ್ಲ. ಮಗು ಹೇಳದೆ ಕೇಳದೆ ಪಾಠಕ್ಕೆ ಬರುವುದು ನಿಲ್ಲಿಸಿದಾಗ ಅವರಿಗೂ ನೋವಾಗುತ್ತದೆ.

ಈಗ ಲೆಕ್ಕ ಮತ್ತೆ ಹಾಕಿ. ಮೂರು ಗಂಟೆ ಸಾಲ ಇತ್ತು. ಟ್ಯೂಷನ್ನಿನ 6, ತಂಡದ 4, ಪಿಟೀಲಿನಿಂದ ಇಳಿಸಿದ ಒಂದೂವರೆ ಸೇರಿ ಹನ್ನೊಂದೂವರೆ ಬಂತು. ಸಾಲ ತೀರಿ ಎಂಟೂವರೆ ಗಂಟೆ ಕೈಯಲ್ಲಿ ಉಳಿಯಿತು. ದಯವಿಟ್ಟು ಅದನ್ನು ಪೂರ್ತಿ ಓದಿಗೆ ತುಂಬಬೇಡಿ. ಎರಡು ಮೂರು ಗಂಟೆ ಭೌತಶಾಸ್ತ್ರಕ್ಕೆ ಹೋಗಲಿ, ಉಳಿದದ್ದು ಹಾಗೇ ಇರಲಿ. ಬಸ್ ತಪ್ಪುವ ದಿನ, ಹೊಟ್ಟೆನೋವಿನ ದಿನ, ಮನೆಗೆ ನೆಂಟರು ಬರುವ ದಿನ ಇರುತ್ತವಲ್ಲ.

ಓದುವ ರೀತಿಯ ಬಗ್ಗೆಯೂ ಒಂದು ಮಾತು ಹೇಳಬೇಕು, ಯಾಕೆಂದರೆ ಇಲ್ಲಿ ಪಿಟೀಲು ಅವಳಿಗೆ ಸಹಾಯಕ್ಕೇ ಬರುತ್ತದೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಓದಿ, ಹಾಳೆ ಮುಚ್ಚಿ, ನೆನಪಿದ್ದಷ್ಟು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಮುಚ್ಚಿಟ್ಟು ಬರೆದವರು ಮುಂದೆ ಬಂದಿದ್ದರು. ಸಂಗೀತ ಕಲಿತ ಮಗುವಿಗೆ ಇದು ಹೊಸದಲ್ಲ. ವರ್ಣ ಕಲಿಸುವಾಗ ಗುರುಗಳು ಒಂದು ಸಾಲು ಹೇಳಿಕೊಟ್ಟು ಪುಸ್ತಕ ಮುಚ್ಚಿಸುತ್ತಾರೆ. ಎಲ್ಲಿ ಎಡವಿದಳೋ ಆ ಎರಡು ಸ್ವರವನ್ನೇ ಇಪ್ಪತ್ತು ಸಲ ನುಡಿಸುತ್ತಾಳೆ, ಮೊದಲಿನಿಂದ ಶುರು ಮಾಡುವುದಿಲ್ಲ. ಭೌತಶಾಸ್ತ್ರದ ಸೂತ್ರ ಸಾಧನೆಯನ್ನೂ ಹಾಗೇ ಮಾಡಲು ಹೇಳಿ. ಪುಸ್ತಕ ಮುಚ್ಚಿ ಬರೆಯಲಿ. ಮೂರನೇ ಸಾಲಿನಲ್ಲಿ ನಿಂತರೆ ಮೂರನೇ ಸಾಲನ್ನೇ ನೋಡಲಿ, ಮುಚ್ಚಲಿ, ಮತ್ತೆ ಬರೆಯಲಿ. ಮೂರು ದಿನ ಬಿಟ್ಟು ಇನ್ನೊಮ್ಮೆ. ಈ ಶಿಸ್ತು ಎಂಟು ವರ್ಷದಿಂದ ಅವಳ ಕೈಯಲ್ಲಿದೆ, ಆದರೆ ಅದು ಇಲ್ಲಿಗೂ ಬರುತ್ತದೆ ಎಂದು ಯಾರೂ ಅವಳಿಗೆ ಹೇಳಿಲ್ಲ.

ಪಿಟೀಲಿನಿಂದ ಸೀಟ್ ಸಿಗುತ್ತದೆಯೇ ಎಂದು ನಿಮ್ಮ ಯಜಮಾನರು ಕೇಳಬಹುದು. ಅದಕ್ಕೆ ನೇರ ಉತ್ತರ ಕೊಡುತ್ತೇನೆ. ಸಿಇಟಿ ನಡೆಸುವ ಕೆಇಎಯ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸೀಟು ಹಂಚಿಕೆಯಲ್ಲಿ ಕ್ರೀಡೆ, ಎನ್‌ಸಿಸಿ, ಸ್ಕೌಟ್ಸ್ ಮತ್ತು ಗೈಡ್ಸ್ ಎಂದು ವಿಶೇಷ ವರ್ಗಗಳಿವೆ, ಆದರೆ ಸೀಟು ಕಡಿಮೆ, ದೊಡ್ಡ ಮಟ್ಟದಲ್ಲಿ ಆಡಿದವರಿಗೆ ಮೊದಲ ಹಕ್ಕು. ಮದ್ರಾಸ್ ಐಐಟಿ 2024ರಿಂದ ಕ್ರೀಡಾಪಟುಗಳಿಗೆ, 2025ರಿಂದ ಸಂಗೀತ, ನೃತ್ಯದಂಥ ಕಲೆಗಳಲ್ಲಿ ಸಾಧನೆ ಮಾಡಿದವರಿಗೆ ಪ್ರತಿ ಕೋರ್ಸಿನಲ್ಲಿ ಎರಡು ಹೆಚ್ಚುವರಿ ಸೀಟು ಇಟ್ಟಿದೆ. ಅದಕ್ಕೂ ಜೆಇಇ ಮೇನ್ ಆದ ಮೇಲಿನ ಪರೀಕ್ಷೆ ಜೆಇಇ ಅಡ್ವಾನ್ಸ್ಡ್ ಪಾಸಾಗಿರಬೇಕು. ಇದನ್ನು ನಂಬಿಕೊಂಡು ಪಿಟೀಲು ಹಿಡಿಸಬೇಡಿ. ಅಮೆರಿಕದಲ್ಲಿರುವ ನನ್ನ ಅಕ್ಕನ ಮೊಮ್ಮಗಳು ಹೈಸ್ಕೂಲಿನಲ್ಲಿ ಎಪಿ ಎಂಬ ಕಾಲೇಜು ಮಟ್ಟದ ಪಾಠಗಳನ್ನು ತೆಗೆದುಕೊಂಡಿದ್ದಾಳೆ, ಜೊತೆಗೆ ಭರತನಾಟ್ಯ. ಅಲ್ಲಿ ಬಹಳಷ್ಟು ಕಾಲೇಜುಗಳ ಅರ್ಜಿಯಲ್ಲಿ ಓದಿನಾಚೆಗಿನ ಚಟುವಟಿಕೆ ಬರೆಯಲು ಹತ್ತು ಜಾಗ ಇರುತ್ತದೆಯಂತೆ. ನಾಟ್ಯ ಅವಳಿಗೆ ಇಷ್ಟವೋ ಅಥವಾ ಆ ಜಾಗ ತುಂಬುವುದಕ್ಕೋ ಎಂದು ಒಮ್ಮೆ ಕೇಳಿದೆ. ಅವಳು ತುಂಬಾ ಹೊತ್ತು ಯೋಚಿಸಿದಳು. ನಿಮ್ಮ ಮಗಳಿಗೆ ಆ ಗೊಂದಲ ಇಲ್ಲ. ಇಲ್ಲಿ ಪಿಟೀಲಿಗೆ ಅಂಕವೂ ಇಲ್ಲ, ಜಾಗವೂ ಇಲ್ಲ. ಎಂಟು ವರ್ಷ ಹಿಡಿದಿದ್ದಾಳೆ ಎಂದರೆ ಅದು ಬೇಕು ಎಂದೇ ಹಿಡಿದಿದ್ದಾಳೆ.

ಪೂರ್ತಿ ಬಿಡುವುದು ಯಾವಾಗಲೂ ತಪ್ಪು ಎಂದು ನಾನು ಹೇಳುತ್ತಿಲ್ಲ. ಎರಪಳ್ಳಿ ಪ್ರಸನ್ನ 1962ರಲ್ಲಿ ಭಾರತಕ್ಕೆ ಟೆಸ್ಟ್ ಆಡಿದರು, ಅದೇ ವರ್ಷ ವೆಸ್ಟ್ ಇಂಡೀಸ್‌ಗೂ ಹೋಗಿ ಬಂದರು. ಆಮೇಲೆ ಮೈಸೂರಿನಲ್ಲಿ ಇಂಜಿನಿಯರಿಂಗ್ ಮುಗಿಸಲು ದೊಡ್ಡ ಕ್ರಿಕೆಟ್‌ನಿಂದ ದೂರ ಉಳಿದರು. ಅವರ ಮುಂದಿನ ಟೆಸ್ಟ್ 1967ರಲ್ಲಿ. ವಾಪಸ್ ಬಂದು ವರ್ಷಗಟ್ಟಲೆ ಆಡಿದರು, ಒಟ್ಟಾರೆ 49 ಟೆಸ್ಟ್‌ಗಳಲ್ಲಿ 189 ವಿಕೆಟ್ ತೆಗೆದರು. ಅನಿಲ್ ಕುಂಬ್ಳೆ ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಲೇ ಆಡಿದರು. ಎರಡೂ ದಾರಿ ಇವೆ. ಮಕ್ಕಳು ತಾವೇ ಯೋಚಿಸಿ "ಈ ಆರು ತಿಂಗಳು ಬೇಡಮ್ಮ, ಆಮೇಲೆ ಹಿಡೀತೀನಿ" ಎಂದರೆ ಸಾಮಾನ್ಯವಾಗಿ ಮತ್ತೆ ಹಿಡಿಯುತ್ತಾರೆ. ನಾವು ಎತ್ತಿಟ್ಟರೆ ಅವರ ಕೈ ಅಲ್ಲಿಗೆ ಹೋಗುವುದಿಲ್ಲ. ನನ್ನ ಮನೆಯಲ್ಲಿ ಆದದ್ದು ಅದೇ.

ಮುಂದಿನ ವರ್ಷ ಹೇಗೆ ಎಂದರೆ, ಜೂನ್‌ನಿಂದ ಡಿಸೆಂಬರ್ ತನಕ ಇದೇ 20 ನಿಮಿಷ. ಜನವರಿ ಬಂದ ಮೇಲೆ ಒತ್ತಡ ಶುರುವಾಗುತ್ತದೆ. ಜೆಇಇ ಮೇನ್ ಆ ತಿಂಗಳು ಒಮ್ಮೆ, ಏಪ್ರಿಲ್‌ನಲ್ಲಿ ಇನ್ನೊಮ್ಮೆ. ನಡುವೆ ಪ್ರಾಕ್ಟಿಕಲ್ಸ್, ಮಾರ್ಚ್ ಹೊತ್ತಿಗೆ ಬೋರ್ಡ್, ಏಪ್ರಿಲ್ ಹೊತ್ತಿಗೆ ಸಿಇಟಿ, ಮೇ ಮೊದಲ ವಾರದಲ್ಲಿ ಸಾಮಾನ್ಯವಾಗಿ ನೀಟ್. ಆ ನಾಲ್ಕು ತಿಂಗಳು ವಾರದ ಪಾಠ ಬೇಡ. ಬೇಜಾರಾದಾಗ ಹತ್ತು ನಿಮಿಷ ತಾನೇ ತೆಗೆದು ನುಡಿಸಿ ಇಡಲಿ. 2024ರಿಂದ ಎರಡನೇ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಇದ್ದದ್ದರಲ್ಲಿ ಒಳ್ಳೆಯ ಅಂಕ ಉಳಿಯುತ್ತದೆ. ಒಂದು ಬೆಳಿಗ್ಗೆ ಕೆಟ್ಟರೆ ಎಲ್ಲಾ ಮುಗಿಯಿತು ಎನ್ನುವ ಕಾಲ ಹೋಯಿತು, ಇದನ್ನು ಅವಳಿಗೆ ಬಾಯಿಬಿಟ್ಟು ಹೇಳಿ. ಹಾಜರಾತಿ ಮಾತ್ರ 75 ಪರ್ಸೆಂಟ್‌ಗಿಂತ ಕೆಳಗೆ ಇಳಿಯಬಾರದು.

ಮಾತು ಕಡಿಮೆ ಮಾಡಿದ್ದಾಳೆ ಎಂದಿರಿ. ಜಗಳವಾಡುವ ಮಗುವಿನ ಬಗ್ಗೆ ನನಗೆ ಇಷ್ಟು ಚಿಂತೆ ಆಗುವುದಿಲ್ಲ. ಊಟ ಸರಿಯಾಗಿ ಮಾಡುತ್ತಾಳಾ, ನಿದ್ದೆ ಬರುತ್ತದಾ, ಗೆಳತಿಯರ ಜೊತೆಗಾದರೂ ಮಾತಾಡುತ್ತಾಳಾ, ಇಷ್ಟು ಗಮನಿಸಿ. ಎರಡು ವಾರದಲ್ಲಿ ಬದಲಾಗದೆ ಇದ್ದರೆ, ಅಥವಾ ಬದುಕಿನ ಬಗ್ಗೆ ಬೇಸರದ ಮಾತು ಒಂದು ಬಂದರೂ, ಕಾಯಬೇಡಿ. ಆಪ್ತ ಸಮಾಲೋಚಕರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು, ಹಗಲು ರಾತ್ರಿ ಯಾವಾಗ ಬೇಕಾದರೂ. ನೀವೂ ಮಾಡಬಹುದು, ಅವಳೂ ಮಾಡಬಹುದು.

ನಿಮ್ಮ ಯಜಮಾನರ ಮೇಲೆ ನನಗೆ ಕೋಪವಿಲ್ಲ. 94 ಬಂದಿದ್ದ ಮಗಳಿಗೆ 70ಕ್ಕೆ 31 ಬಂದರೆ ಯಾವ ತಂದೆಗಾದರೂ ಹೆದರಿಕೆಯಾಗುತ್ತದೆ. ಏನಾದರೂ ಮಾಡಲೇಬೇಕು ಎನಿಸುತ್ತದೆ, ಕೈಗೆ ಸಿಕ್ಕಿದ್ದು ಪೆಟ್ಟಿಗೆ. ಅವರಿಗೆ ಈ ಲೆಕ್ಕದ ಹಾಳೆ ತೋರಿಸಿ. ವಾರ್ಷಿಕ ಪರೀಕ್ಷೆ ತನಕ ಹೀಗೆ ನಡೆಸಿ ನೋಡೋಣ, ಆಮೇಲೆ ಮೂವರೂ ಮತ್ತೆ ಕೂತು ಮಾತಾಡೋಣ ಎಂದು ಕೇಳಿಕೊಳ್ಳಿ. ಒಪ್ಪುತ್ತಾರೆ ಎಂದು ನನಗೆ ನಂಬಿಕೆಯಿದೆ.

ಪೆಟ್ಟಿಗೆಯನ್ನು ಅವರೇ ಇಳಿಸಲಿ, ನೀವಲ್ಲ. ಇಳಿಸಿ ಅವಳು ಓದುವ ಕೋಣೆಯಲ್ಲಿ, ಕೈ ಚಾಚಿದರೆ ಸಿಗುವ ಜಾಗದಲ್ಲಿ ಇಡಲಿ. ಏನೂ ಹೇಳಬೇಕಾಗಿಲ್ಲ. ಇಷ್ಟು ದಿನ ಬಿಟ್ಟಿದ್ದರಿಂದ ತಂತಿ ಇಳಿದಿರುತ್ತದೆ, ಶ್ರುತಿ ಮಾಡಿಕೊಳ್ಳಲೇ ಮೊದಲ ದಿನ ಹತ್ತು ನಿಮಿಷ ಹಿಡಿಯುತ್ತದೆ. ಆವತ್ತು ಗಡಿಯಾರ ನೋಡಬೇಡಿ.